ಹಳೆಯ ತೆರೆದ ಕಾರಿನ ದೀಪ ಏಕೆ ಆರುತ್ತದೆ?

ಮಳೆಗಾಲ ಕಳೆಯುವ ಹೊತ್ತಿಗೆ ದೇವರ ಮನೆಯ ತಾಮ್ರದ ತಂಬಿಗೆಯ ಅಂಚಿಗೆ ಹಸಿರು ಕಿಲುಬು ಹತ್ತುವುದನ್ನು ನಮ್ಮ ಮನೆಗಳಲ್ಲಿ ನೋಡದವರಿಲ್ಲ. ಹುಣಿಸೆಹಣ್ಣು ಹಚ್ಚಿ ತಿಕ್ಕಿ ತೊಳೆದರೆ ತಂಬಿಗೆ ಮತ್ತೆ ಥಳಥಳಿಸುತ್ತದೆ. ತಂಬಿಗೆ ಕಣ್ಣ ಮುಂದಿರುವುದರಿಂದ ಕಿಲುಬು ಕಾಣುತ್ತದೆ, ಕಂಡದ್ದರಿಂದ ತಿಕ್ಕುತ್ತೇವೆ. ಅದೇ ತಾಮ್ರವು ತಂತಿಯಾಗಿ, ಮೇಲೊಂದು ಹೊದಿಕೆ ಹೊದ್ದು, ಯಂತ್ರದ ಹೊಟ್ಟೆಯೊಳಗೆ ಹೊಕ್ಕು ಕುಳಿತರೆ ಅದಕ್ಕೆ ಹತ್ತಿದ ಕಿಲುಬನ್ನು ನೋಡುವವರು ಯಾರು? ‘ಮನೆಯ ಯಂತ್ರಗಳು’ ಎಂಬ ಈ ಅಂಕಣದಲ್ಲಿ ಈ ಸಲ ನಾವು ಹೇಳಹೊರಟಿರುವುದು ಈ ಕಾಣದ ಕಿಲುಬಿನ ಸಂಗತಿಯನ್ನು. ಅದಕ್ಕೆ ನೆಪವಾದುದು ಒಂದು ಹಳೆಯ ತೆರೆದ ಕಾರು.

ಪುಣೆಯಲ್ಲಿ ಬ್ಯಾಂಕಿನ ಕೆಲಸದಲ್ಲಿರುವ ನಮ್ಮ ಸಂಘದ ಸದಸ್ಯರೊಬ್ಬರು ಪತ್ರ ಬರೆದಿದ್ದರು. ಅವರ ತಂದೆಯವರ ಕಾಲದ ೧೯೬೫ರ ಎಂ.ಜಿ.ಬಿ. ಕಾರು ಮನೆಯಲ್ಲಿದೆ. ಎಂಜಿನು ಗಟ್ಟಿಯಾಗಿದೆ, ಆದರೆ ರಾತ್ರಿ ದೀಪದ ಭರವಸೆಯಿಲ್ಲ. ಎರಡು ಸಲ ಖಂಡಾಳಾ ಘಾಟಿನಲ್ಲಿ ಮುಂದಿನ ದೀಪಗಳು ಮಂಕಾಗುತ್ತ ಬಂದು ಒಮ್ಮೆಗೇ ಆರಿಹೋದವಂತೆ. ಗ್ಯಾರೇಜಿನವರು ಮೊದಲು ಬ್ಯಾಟರಿ ಬದಲಿಸಿದರು, ಆಮೇಲೆ ಡೈನಮೋ ಬದಲಿಸಿದರು. ಈಗ ಇಡೀ ಕಾರಿನ ತಂತಿಗಳನ್ನೆಲ್ಲ ಕಿತ್ತು ಹೊಸದಾಗಿ ಎಳೆಯಬೇಕೆನ್ನುತ್ತಾರೆ. “ಅಷ್ಟು ಹಣ ಸುರಿಯುವುದೋ, ಗಾಡಿಯನ್ನೇ ಮಾರಿಬಿಡುವುದೋ, ತಾವೇ ಹೇಳಿ” ಎಂದು ಕೇಳಿದ್ದರು.

ಲೋಕಲ್ ಗಾಡಿ, ಬಸ್ಸುಗಳಲ್ಲಿ ನೇತಾಡುವ ನಮ್ಮ ವಾಚಕರಲ್ಲಿ ತೆರೆದ ಕಾರಿನ ಒಡೆಯರು ಎಷ್ಟು ಮಂದಿ ಎಂದು ಯಾರಾದರೂ ಕೇಳಬಹುದು. ಬೆರಳೆಣಿಕೆಯಷ್ಟು. ಆದರೆ ಇಲ್ಲಿ ಹೇಳುವ ಕ್ರಮವು ಹಳೆಯ ಸ್ಕೂಟರಿಗೂ, ಊರಿನ ಮನೆಯ ಮುಂದೆ ನಿಂತಿರುವ ಅಂಬಾಸಡರಿಗೂ ಸಲ್ಲುವಂಥದು. ಆದುದರಿಂದ ಕಾರಿಲ್ಲದವರೂ ಓದಬಹುದು.

ಕಾರಿನ ಪರಿಚಯ

ಎಂ.ಜಿ. ಎಂದರೆ ಮಾರಿಸ್ ಗ್ಯಾರೇಜಸ್; ಇಂಗ್ಲೆಂಡಿನ ಆಕ್ಸ್‌ಫರ್ಡಿನಲ್ಲಿ ಹುಟ್ಟಿದ ಹೆಸರು. ಇಂದು ನಮ್ಮ ಬೀದಿಗಳಲ್ಲಿ ಅದೇ ಗುರುತು ಹೊತ್ತು ಓಡುವ ಹೊಸ ಕಾರುಗಳಿಗೂ ಇದಕ್ಕೂ ಇರುವುದು ಹೆಸರಿನ ನಂಟು ಮಾತ್ರ. ಎಂ.ಜಿ.ಬಿ. ಕಾರು ಆಬಿಂಗ್ಡನ್ ಎಂಬ ಊರಿನ ಕಾರ್ಖಾನೆಯಲ್ಲಿ ೧೯೬೨ರಿಂದ ೧೯೮೦ರವರೆಗೆ ತಯಾರಾಯಿತು. ಮುಚ್ಚಿದ ಛಾವಣಿಯ ಮಾದರಿಯನ್ನೂ ಸೇರಿಸಿದರೆ ಐದು ಲಕ್ಷಕ್ಕೂ ಮಿಕ್ಕಿ ಹೊರಬಂದಿವೆ. ಅದರ ೧,೭೯೮ ಸಿ.ಸಿ. ಎಂಜಿನು ನಮ್ಮ ಅಂಬಾಸಡರಿನ ೧,೪೮೯ ಸಿ.ಸಿ. ಪೆಟ್ರೋಲ್ ಎಂಜಿನಿನ ಮನೆತನದ್ದೇ. ಹೀಗಾಗಿ ಅಂಬಾಸಡರು ಬಿಚ್ಚಿ ಕಟ್ಟಿದ ಹಳೆಯ ಮೇಸ್ತ್ರಿಗೆ ಎಂ.ಜಿ.ಬಿ.ಯ ಎಂಜಿನು ಅಪರಿಚಿತವೆನಿಸುವುದಿಲ್ಲ.

ತೊಡಕಿರುವುದು ವಿದ್ಯುತ್ತಿನ ಕಡೆ. ಆ ಕಾಲದ ಇಂಗ್ಲಿಷ್ ಕಾರುಗಳಿಗೆ ಡೈನಮೋ, ಸ್ವಿಚ್ಚು, ದೀಪಗಳನ್ನೆಲ್ಲ ಒದಗಿಸುತ್ತಿದ್ದುದು ಹೆಚ್ಚಾಗಿ ಬರ್ಮಿಂಗ್‌ಹ್ಯಾಮಿನ ಜೋಸೆಫ್ ಲೂಕಾಸ್ ಕಂಪನಿ. ಹಳೆಯ ಕಾರುಗಳ ಹುಚ್ಚಿರುವವರು ನಗೆಯಾಡುತ್ತ ಲೂಕಾಸನಿಗೆ ‘ಕತ್ತಲೆಯ ರಾಜಕುಮಾರ’ ಎಂದು ಬಿರುದು ಕೊಟ್ಟಿದ್ದಾರೆ. ನಗೆಗೇನೋ ಸರಿ, ನ್ಯಾಯಕ್ಕೆ ಸರಿಯಲ್ಲ. ಅರುವತ್ತು ವರ್ಷ ಮಳೆ, ಬಿಸಿಲು, ಧೂಳು ತಿಂದ ಮೇಲೆ ಯಾವ ಲೋಹದ ಬೆಸುಗೆ ಬಿಗಿಯಾಗಿ ಉಳಿದೀತು? ಅದರಲ್ಲೂ ಇದು ತೆರೆದ ಕಾರು. ಬಟ್ಟೆಯ ಟಾಪನ್ನು ಎಷ್ಟು ಬಿಗಿದು ಕಟ್ಟಿದರೂ ಅಂಚಿನಲ್ಲಿ ನೀರು ಜಿನುಗುತ್ತದೆ. ಕಾಲಡಿಯ ಹಾಸು ನೆನೆಯುತ್ತದೆ. ಮೇಲಾಗಿ ಇಂಥ ಗಾಡಿಗಳು ದಿನವೂ ಓಡುವಂಥವಲ್ಲ. ತಿಂಗಳುಗಟ್ಟಲೆ ಮೂಲೆಯಲ್ಲಿ ನಿಲ್ಲುತ್ತವೆ. ಓಡುವ ಗಾಡಿಗಿಂತ ನಿಂತ ಗಾಡಿಗೆ ಕಿಲುಬು ಬೇಗ.

ಹೋಗುವ ದಾರಿ, ಬರುವ ದಾರಿ

ನಾವು ಓದಿದ್ದು ಬಿ.ಎ.; ಹೊಟ್ಟೆಪಾಡಿಗೆ ಸರಕಾರಿ ಕಚೇರಿಯ ಗುಮಾಸ್ತರು. ಆದರೆ ನಿಂತುಹೋದ ಕಡತವನ್ನು ಹುಡುಕುವ ಕ್ರಮ ನಮಗೆ ಚೆನ್ನಾಗಿ ಗೊತ್ತು. ಕಡತ ಯಾವ ಮೇಜಿನವರೆಗೆ ಬಂದಿತ್ತು, ಯಾವ ಮೇಜಿನಿಂದ ಮುಂದೆ ಹೋಗಿಲ್ಲ ಎಂಬುದನ್ನು ಒಂದೊಂದಾಗಿ ವಿಚಾರಿಸುತ್ತ ಹೋಗುತ್ತೇವೆ. ಒಂದು ಕಡತ ಸಿಕ್ಕಲಿಲ್ಲವೆಂದು ಕಚೇರಿಯನ್ನೇ ಕೆಡವಿ ಕಟ್ಟಿಸಿದವರನ್ನು ನಾವು ಕಂಡಿಲ್ಲ. ವಿದ್ಯುತ್ತಿನ ದೋಷವನ್ನು ಹುಡುಕುವುದಕ್ಕೂ ಇದೇ ಕ್ರಮ ಸಾಕು.

ವಿದ್ಯುತ್ತು ಬ್ಯಾಟರಿಯಿಂದ ಹೊರಟು, ಸ್ವಿಚ್ಚನ್ನು ದಾಟಿ, ದೀಪದಲ್ಲಿ ಕೆಲಸ ಮಾಡಿ, ಮತ್ತೆ ಬ್ಯಾಟರಿಗೆ ಮರಳಬೇಕು. ಹೋಗುವುದಕ್ಕೆ ತಂತಿಯಿದೆ. ಬರುವುದಕ್ಕೆ ಬೇರೆ ತಂತಿಯನ್ನು ಬ್ಯಾಟರಿಯವರೆಗೆ ಎಳೆದಿಲ್ಲ. ಕಾರಿನ ಉಕ್ಕಿನ ಮೈಯೇ ಮರಳುವ ದಾರಿ. ದೀಪದಿಂದ ಗೇಣುದ್ದದ ಕಪ್ಪು ತಂತಿಯೊಂದು ಹೊರಟು ಸ್ಕ್ರೂವಿನಿಂದ ಮೈಗೆ ಸೇರಿರುತ್ತದೆ. ಬ್ಯಾಟರಿಯ ಒಂದು ತುದಿಯೂ ದಪ್ಪ ಪಟ್ಟಿಯಿಂದ ಅದೇ ಮೈಗೆ ಸೇರಿರುತ್ತದೆ. ಗ್ಯಾರೇಜಿನವರು ಇದನ್ನು ಅರ್ಥಿಂಗು ಎನ್ನುತ್ತಾರೆ. ದೀಪ ಹತ್ತದಿದ್ದರೆ ನಾವೆಲ್ಲ ಹೋಗುವ ದಾರಿಯನ್ನು ನೋಡುತ್ತೇವೆ: ಬಲ್ಬು, ಫ್ಯೂಸು, ಸ್ವಿಚ್ಚು. ಬರುವ ದಾರಿಯ ಸ್ಕ್ರೂವಿನಡಿಯಲ್ಲಿ ತುಕ್ಕು ಕುಳಿತಿರುವುದು ಯಾರ ನೆನಪಿಗೂ ಬಾರದು. ಹಳೆಯ ತೆರೆದ ಕಾರುಗಳಲ್ಲಿ ಮೊದಲು ನೋಡಬೇಕಾದುದು ಅದನ್ನೇ.

ಕಿಲುಬು ಎಷ್ಟು ಕೆಡಿಸೀತು ಎಂಬುದಕ್ಕೆ ಒಂದು ಸಣ್ಣ ಲೆಕ್ಕ. ೧೨ ವೋಲ್ಟಿನ ೬೦ ವಾಟ್ ಬಲ್ಬು ೫ ಆಂಪಿಯರ್ ವಿದ್ಯುತ್ತನ್ನು ಎಳೆಯುತ್ತದೆ. ದಾರಿಯಲ್ಲಿ ಎಲ್ಲಿಯೋ ಒಂದು ಜೋಡಣೆಗೆ ಕಿಲುಬು ಹತ್ತಿ ಬರೇ ಅರ್ಧ ಓಮಿನಷ್ಟು ತಡೆ ಉಂಟಾಯಿತೆನ್ನಿ. ಅಷ್ಟರಿಂದಲೇ ಸುಮಾರು ೨ ವೋಲ್ಟು ಅಲ್ಲಿ ಸೋರಿಹೋಗಿ ಬಲ್ಬಿಗೆ ೧೦ ವೋಲ್ಟು ಮಾತ್ರ ಉಳಿಯುತ್ತದೆ. ಆರನೆಯ ಒಂದು ಪಾಲು ಹೋಯಿತಷ್ಟೆ ಎನ್ನುವಂತಿಲ್ಲ. ಬಲ್ಬಿನ ಬೆಳಕು ವೋಲ್ಟಿಗಿಂತ ಬಹಳ ವೇಗವಾಗಿ ಇಳಿಯುವುದರಿಂದ, ಬೆಳಕು ಹೆಚ್ಚುಕಡಿಮೆ ಅರ್ಧವಾಗುತ್ತದೆ. ಸ್ಟಾರ್ಟರು ಮೋಟಾರಿನ ದಾರಿಯಲ್ಲಂತೂ ನೂರಾರು ಆಂಪಿಯರು ಹರಿಯುವುದರಿಂದ ಓಮಿನ ನೂರನೆಯ ಒಂದು ಭಾಗದ ತಡೆಯೂ ಎಂಜಿನನ್ನು ಏಳಗೊಡುವುದಿಲ್ಲ. ಆಗ ನಾವು ಬ್ಯಾಟರಿಯನ್ನು ಶಪಿಸಿ ಹೊಸದನ್ನು ತರುತ್ತೇವೆ.

ಇನ್ನೊಂದು ಸೂಕ್ಷ್ಮವಿದೆ. ಕಿಲುಬು ಹತ್ತಿದ ತಂತಿಯ ತುದಿಗೆ, ದೀಪವನ್ನು ಬಿಚ್ಚಿಟ್ಟು, ಬರೇ ಮೀಟರನ್ನು ಹಿಡಿದರೆ ಅದು ೧೨ ವೋಲ್ಟು ತುಂಬ ತೋರಿಸಿಬಿಡುತ್ತದೆ. ಮೀಟರಿಗೆ ಬೇಕಾದ ವಿದ್ಯುತ್ತು ಅಷ್ಟು ಕಡಿಮೆ. ಹೊರೆ ಹೊರಿಸದೆ ಎತ್ತಿನ ಬಲ ತಿಳಿಯದು. ಆದುದರಿಂದ ದೀಪ ಹತ್ತಿಸಿಯೇ ಅಳೆಯಬೇಕು. ಇಲ್ಲವೇ ಒಂದು ೧೨ ವೋಲ್ಟಿನ ಬಲ್ಬಿಗೆ ಎರಡು ತಂತಿ ಕಟ್ಟಿ ಪರೀಕ್ಷೆಯ ದೀಪ ಮಾಡಿಕೊಂಡು, ಅದು ಬೆಳ್ಳಗೆ ಹತ್ತುತ್ತದೆಯೋ ಕೆಂಪಗೆ ಮಿಣುಕುತ್ತದೆಯೋ ನೋಡಬೇಕು. ಈ ದೀಪ, ಕೆಲವು ನೂರು ರೂಪಾಯಿಯ ಒಂದು ಮೀಟರು, ನಯವಾದ ಮರಳುಕಾಗದ, ಒಂದು ತಂತಿಯ ಬ್ರಶ್ಶು, ಒಂದು ಡಬ್ಬಿ ವ್ಯಾಸಲೀನು: ಇಷ್ಟಿದ್ದರೆ ಆಯುಧಗಳಾದವು.

ಧನವೋ ಋಣವೋ?

ಕೈ ಹಾಕುವ ಮೊದಲು ತಿಳಿಯಲೇಬೇಕಾದ ಮಾತೊಂದಿದೆ. ಇಂದಿನ ಕಾರುಗಳಲ್ಲೆಲ್ಲ ಬ್ಯಾಟರಿಯ ಋಣ ತುದಿಯನ್ನು ಮೈಗೆ ಸೇರಿಸಿರುತ್ತಾರೆ. ಎಂ.ಜಿ.ಬಿ.ಯಲ್ಲಿ ೧೯೬೭ರವರೆಗೆ ಇದು ತಿರುವುಮುರುವು; ಧನ ತುದಿ ಮೈಗೆ ಸೇರಿತ್ತು. ಆ ವರ್ಷದ ಕೊನೆಗೆ ಬಂದ ಎರಡನೆಯ ಮಾದರಿಯಲ್ಲಿ ಡೈನಮೋ ಹೋಗಿ ಆಲ್ಟರ್ನೇಟರು ಬಂತು, ಋಣ ತುದಿ ಮೈಗೆ ಸೇರಿತು. ಹಳೆಯ ಕಾರುಗಳನ್ನು ಎಷ್ಟೋ ಜನ ನಡುವೆ ಬದಲಾಯಿಸಿಕೊಂಡದ್ದೂ ಉಂಟು. ಆದುದರಿಂದ ವರ್ಷವನ್ನು ನೋಡಿ ನಂಬದೆ, ದಪ್ಪ ಪಟ್ಟಿ ಯಾವ ತುದಿಯಿಂದ ಮೈಗೆ ಹೋಗಿದೆಯೆಂದು ಕಣ್ಣಾರೆ ನೋಡಬೇಕು. ಇದನ್ನು ನೋಡದೆ ಧನ ತುದಿ ಮೈಗಿರುವ ಕಾರಿನಲ್ಲಿ ಮೊಬೈಲಿನ ಚಾರ್ಜರನ್ನೋ ಹೊಸ ರೇಡಿಯೋವನ್ನೋ ಕೂಡಿಸಿದರೆ ಅದು ಸುಟ್ಟುಹೋದೀತು. ಆಲ್ಟರ್ನೇಟರಿರುವ ಕಾರಿಗೆ ಬ್ಯಾಟರಿಯನ್ನು ತಿರುವುಮುರುವಾಗಿ ಜೋಡಿಸಿದರೆ ಆಲ್ಟರ್ನೇಟರೇ ಹಾಳಾದೀತು.

ಬ್ಯಾಟರಿಯೂ ಒಂದಲ್ಲ. ೧೯೭೪ರವರೆಗೆ ಈ ಕಾರಿಗೆ ೬ ವೋಲ್ಟಿನ ಎರಡು ಬ್ಯಾಟರಿಗಳನ್ನು ಸೀಟಿನ ಹಿಂದೆ ನೆಲದಡಿಯಲ್ಲಿ ಒಂದಕ್ಕೊಂದು ಜೋಡಿಸಿ ಇಡುತ್ತಿದ್ದರು. ಕಣ್ಣಿಗೆ ಬೀಳದ ಜಾಗ, ನೋಡುವವರು ಕಡಿಮೆ. ಎರಡನ್ನೂ ಬೇರೆಬೇರೆಯಾಗಿ ಅಳೆಯಬೇಕು. ತುಂಬಿದ ಬ್ಯಾಟರಿ ಒಂದೊಂದೂ ೬.೩ ವೋಲ್ಟಿನಷ್ಟು ತೋರಿಸಬೇಕು. ಒಂದು ಸೊರಗಿದ್ದರೆ ಇನ್ನೊಂದರ ಬಲವೂ ವ್ಯರ್ಥ. ಕೆಲಸಕ್ಕೆ ತೊಡಗುವಾಗ ಕೈಯ ಉಂಗುರ, ಬಳೆ, ಗಡಿಯಾರಗಳನ್ನು ತೆಗೆದಿಡಬೇಕು; ಬ್ಯಾಟರಿಯ ತುದಿಗೂ ಮೈಗೂ ನಡುವೆ ಉಂಗುರ ಸಿಕ್ಕಿದರೆ ಬೆರಳು ಸುಡುತ್ತದೆ. ತಂತಿಗಳನ್ನು ಬಿಚ್ಚುವಾಗ ಬ್ಯಾಟರಿಯ ಮೈಗೆ ಸೇರಿದ ತುದಿಯನ್ನು ಮೊದಲು ಬಿಚ್ಚಿ, ಕಟ್ಟುವಾಗ ಕೊನೆಗೆ ಕಟ್ಟಬೇಕು. ಬ್ಯಾಟರಿಯ ಹತ್ತಿರ ಬೆಂಕಿಕಡ್ಡಿ ಗೀರಬಾರದು.

ಬಣ್ಣಗಳ ಭಾಷೆ

ತಂತಿಗಳ ಗೊಂಚಲನ್ನು ಕಂಡೇ ಹೆದರಿ ಹಿಂಜರಿಯುವವರಿಗೆ ಸಮಾಧಾನದ ಮಾತೊಂದಿದೆ. ಆ ಕಾಲದ ಇಂಗ್ಲಿಷ್ ಕಾರುಗಳಲ್ಲಿ ತಂತಿಯ ಬಣ್ಣವೇ ಅದರ ವಿಳಾಸ. ಒಮ್ಮೆ ಕಲಿತರೆ ಮರೆಯುವಂತಿಲ್ಲ.

ಕಂದು: ಬ್ಯಾಟರಿಯಿಂದ ನೇರವಾಗಿ ಬರುವುದು. ಬೀಗದಕೈ ತೆಗೆದಿದ್ದರೂ ಇದರಲ್ಲಿ ಸದಾ ವಿದ್ಯುತ್ತು.
ಬಿಳಿ: ಬೀಗದಕೈ ತಿರುಗಿಸಿದ ಮೇಲೆ ಜೀವ ಬರುವುದು. ಎಂಜಿನಿನ ಕಿಡಿಗೂ ಪೆಟ್ರೋಲ್ ಪಂಪಿಗೂ ಇದೇ.
ಹಸಿರು: ಬಿಳಿಯ ವಿದ್ಯುತ್ತು ಫ್ಯೂಸು ದಾಟಿ ಬಂದುದು. ವೈಪರು, ಇಂಡಿಕೇಟರು, ಬ್ರೇಕಿನ ದೀಪ, ಪೆಟ್ರೋಲಿನ ಮುಳ್ಳು.
ನೇರಳೆ: ಕಂದಿನ ವಿದ್ಯುತ್ತು ಫ್ಯೂಸು ದಾಟಿ ಬಂದುದು. ಹಾರ್ನು, ಒಳಗಿನ ದೀಪ.
ನೀಲಿ: ಮುಂದಿನ ದೊಡ್ಡ ದೀಪಗಳು.
ಕೆಂಪು: ಪಕ್ಕದ ದೀಪ, ಹಿಂದಿನ ಕೆಂಪು ದೀಪ.
ಕಪ್ಪು: ಮೈಗೆ ಸೇರುವ, ಮರಳುವ ದಾರಿ.

ಇಷ್ಟು ತಿಳಿದರೆ ಅರ್ಧ ಪರೀಕ್ಷೆ ಕುಳಿತಲ್ಲೇ ಆಗುತ್ತದೆ. ವೈಪರು, ಇಂಡಿಕೇಟರು, ಬ್ರೇಕಿನ ದೀಪ ಮೂರೂ ಒಮ್ಮೆಗೇ ನಿಂತರೆ ಮೂರೂ ಒಟ್ಟಿಗೆ ಕೆಟ್ಟವೆಂದು ತಿಳಿಯಬೇಕಿಲ್ಲ; ಹಸಿರಿನ ಫ್ಯೂಸನ್ನು ನೋಡಿದರೆ ಸಾಕು. ಹಾರ್ನೂ ಒಳದೀಪವೂ ಒಟ್ಟಿಗೆ ಹೋದರೆ ನೇರಳೆಯ ಫ್ಯೂಸು. ಇಂಡಿಕೇಟರು ಒಂದು ಬದಿಗೆ ಮಾತ್ರ ಹತ್ತದಿದ್ದರೆ ಫ್ಯೂಸಿನ ಗೊಡವೆಯೇ ಬೇಡ. ಆ ಬದಿಯ ಬಲ್ಬನ್ನೂ ಕಪ್ಪು ತಂತಿಯನ್ನೂ ನೋಡಬೇಕು.

ಎರಡು ಭಾನುವಾರ

ಪತ್ರದಲ್ಲೇ ಉತ್ತರ ಬರೆದರೆ ಮುಗಿಯುವ ಕೆಲಸವಲ್ಲವೆನಿಸಿ, ಒಂದು ಶನಿವಾರ ಸಂಜೆಯ ಡೆಕ್ಕನ್ ಕ್ವೀನ್ ಹಿಡಿದು ಪುಣೆಗೆ ಹೋದೆವು. ಗೆಳೆಯರಿಗಿಂತ ಅವರ ಪತ್ನಿಯವರು ಖಂಡಿತವಾಗಿ ಮಾತನಾಡಿದರು: “ನೋಡ್ರಿ, ಮಾವನವರ ಗಾಡಿ ಅಂತ ನನಗೂ ಪ್ರೀತಿ ಅದ. ಆದರ ದೀಪದ ಭರವಸಾ ಇಲ್ಲದ ಗಾಡ್ಯಾಗ ಮಕ್ಕಳನ್ನ ಕೂಡಿಸಿಕೊಂಡು ಘಾಟ ಇಳಿಯೂದು ನನಗ ಒಪ್ಪಂಗಿಲ್ಲ.” ಆ ತಾಯಿಯ ಮಾತು ನೂರಕ್ಕೆ ನೂರು ಸರಿ. ತಿರುವಿನಲ್ಲಿ ಒಂದು ಬದಿಗೆ ಕಣಿವೆ, ಎದುರಿಗೆ ಲಾರಿ. ಅಲ್ಲಿ ದೀಪ ಆರುವುದೆಂದರೆ ಆಟದ ಮಾತಲ್ಲ. ಕಾರಿನ ಮೇಲಿನ ಮೋಹ ಅಲ್ಲಿ ಲೆಕ್ಕಕ್ಕಿಲ್ಲ.

ಮರುದಿನ ಬೆಳಿಗ್ಗೆ ಗೆಳೆಯರೂ ನಾವೂ ಒಂಬತ್ತನೆಯ ಇಯತ್ತೆಯಲ್ಲಿ ಓದುವ ಅವರ ಮಗಳೂ ಕೂಡಿ ಕೆಲಸಕ್ಕೆ ತೊಡಗಿದೆವು. ಬ್ಯಾಟರಿಯನ್ನು ರಾತ್ರಿಯೇ ತುಂಬಿಸಿಟ್ಟಿತ್ತು. ಎಂಜಿನು ಹಚ್ಚದೆ ಮುಂದಿನ ದೀಪಗಳನ್ನು ಹತ್ತಿಸಿ, ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಮೈಗೆ ಸೇರಿದ ತುದಿಗೆ ಹಿಡಿದು, ಇನ್ನೊಂದನ್ನು ದಾರಿಯ ಒಂದೊಂದು ಠಾಣೆಗೆ ಮುಟ್ಟಿಸುತ್ತ ಹೋದೆವು. ಹುಡುಗಿ ಲೆಕ್ಕದ ವಹಿಯ ಹಿಂದಿನ ಹಾಳೆಯಲ್ಲಿ ಬರೆದುಕೊಂಡಳು.

ಬ್ಯಾಟರಿಯ ತುದಿ: ೧೨.೩ ವೋಲ್ಟು
ದೀಪದ ಸ್ವಿಚ್ಚಿನ ಒಳಬದಿ: ೧೨.೦
ದೀಪದ ಸ್ವಿಚ್ಚಿನ ಹೊರಬದಿ: ೧೧.೮
ಕಾಲಿನ ಸ್ವಿಚ್ಚಿನ ಹೊರಬದಿ: ೧೦.೫
ದೀಪಕ್ಕೆ ಹೋಗುವ ತಂತಿಯ ಕೊನೆ: ೧೦.೪
ದೀಪದ ಕಪ್ಪು ತಂತಿ: ೦.೯

ಮರಳುವ ಕಪ್ಪು ತಂತಿಯಲ್ಲಿ ಸೊನ್ನೆಯ ಹತ್ತಿರ ಇರಬೇಕಾದಲ್ಲಿ ೦.೯ ಇದೆ. ಅಂದರೆ ೧೦.೪ರಲ್ಲಿ ಅದನ್ನೂ ಕಳೆದು ದೀಪಕ್ಕೆ ನಿಜವಾಗಿ ದಕ್ಕಿದ್ದು ೯.೫ ವೋಲ್ಟು. ಒಟ್ಟು ಸೋರಿದ್ದು ೨.೮. ಹುಡುಗಿ ಕಳೆದು ನೋಡಿ, “ಕಾಕಾ, ಒಂದು ಪಾಯಿಂಟ್ ಮೂರು ಇದೊಂದರಾಗ ಹೋಗೇದ” ಎಂದು ಕಾಲಿನ ಸ್ವಿಚ್ಚಿನ ಮೇಲೆ ಬೆರಳಿಟ್ಟಳು.

ಆ ಕಾಲದ ಎಂ.ಜಿ.ಬಿ.ಯಲ್ಲಿ ದೀಪವನ್ನು ಎತ್ತರಿಸಿ ತಗ್ಗಿಸುವ ಸ್ವಿಚ್ಚು ಕೈಯ ಹತ್ತಿರವಲ್ಲ, ನೆಲದ ಮೇಲೆ, ಕ್ಲಚ್ಚಿನ ಪಕ್ಕದಲ್ಲಿ ಇರುತ್ತದೆ. ಎಡಗಾಲಿನಿಂದ ಒತ್ತುವುದು. ಮಳೆಯಲ್ಲಿ ನೆಂದ ಚಪ್ಪಲಿ, ಟಾಪಿನಿಂದ ಸೋರಿದ ನೀರು, ಒದ್ದೆ ಹಾಸು ಎಲ್ಲದರ ತೇವವೂ ಸೇರುವುದು ಅಲ್ಲಿಗೇ. ಬಿಚ್ಚಿ ತೆಗೆದಾಗ ಒಳಗೆ ತಂಬಿಗೆಯ ಅಂಚಿನದೇ ಹಸಿರು. ಮುಂದೆ ರೇಡಿಯೇಟರಿನ ಹತ್ತಿರ ಕಪ್ಪು ತಂತಿಗಳು ಮೈಗೆ ಸೇರುವ ಸ್ಕ್ರೂವಿನ ಕೆಳಗೆ ಬಣ್ಣ, ತುಕ್ಕು, ಮಣ್ಣು ಮೂರೂ ಪದರವಾಗಿ ಕುಳಿತಿದ್ದವು.

ಘಾಟಿನಲ್ಲೇ ಏಕೆ ಆರುತ್ತಿತ್ತು ಎಂಬುದೂ ಈಗ ತಿಳಿಯಿತು. ಕೆಟ್ಟ ಜೋಡಣೆಯಲ್ಲಿ ವಿದ್ಯುತ್ತು ಹಾಯುವಾಗ ಅದು ಬಿಸಿಯಾಗುತ್ತದೆ. ಬಿಸಿಯಾದಷ್ಟೂ ಹಿಡಿತ ಸಡಿಲಿ ತಡೆ ಹೆಚ್ಚುತ್ತದೆ. ಲಾರಿಗಳ ಹಿಂದೆ ನಿಧಾನವಾಗಿ ಸಾಗುವಾಗ ಎಂಜಿನಿನ ವೇಗ ಕಡಿಮೆ. ಹಳೆಯ ಡೈನಮೋ ಕಡಿಮೆ ವೇಗದಲ್ಲಿ ಸಾಕಷ್ಟು ವಿದ್ಯುತ್ತನ್ನು ಹುಟ್ಟಿಸಲಾರದು. ದೀಪದ ಹೊರೆಯೆಲ್ಲ ಬ್ಯಾಟರಿಯ ಮೇಲೆ ಬೀಳುತ್ತದೆ. ಗಂಟೆಗಟ್ಟಲೆ ದೀಪ ಉರಿಸಿ ಹೀಗೆ ಸಾಗಿದ ಮೇಲೆ ಸ್ವಿಚ್ಚಿನ ಹಿಡಿತ ಪೂರ್ತಿ ತಪ್ಪುತ್ತಿತ್ತು. ಗಾಡಿ ನಿಲ್ಲಿಸಿ ಅರ್ಧ ಗಂಟೆ ಕಾದರೆ ತಣ್ಣಗಾಗಿ ಮತ್ತೆ ಹತ್ತುತ್ತಿತ್ತು. ಬದಲಿಸಿದ ಬ್ಯಾಟರಿಯದಾಗಲಿ ಡೈನಮೋವಿನದಾಗಲಿ ಇದರಲ್ಲಿ ದೋಷವೇ ಇರಲಿಲ್ಲ.

ಸ್ಕ್ರೂವಿನಡಿಯ ಉಕ್ಕನ್ನು ಹೊಳೆಯುವ ತನಕ ಉಜ್ಜಿ, ಬಿಗಿದು, ಮೇಲೆ ವ್ಯಾಸಲೀನು ಸವರಿದೆವು. ಹುಣಿಸೆಹಣ್ಣಿನ ಉಪಾಯವನ್ನು ಇಲ್ಲಿ ಯಾರೂ ಮಾಡಬಾರದು. ತಂಬಿಗೆಯನ್ನಾದರೆ ನೀರಲ್ಲಿ ತೊಳೆಯುತ್ತೇವೆ, ತಂತಿಯ ಸಂದಿಯಲ್ಲಿ ಉಳಿದ ಹುಳಿ ಮಾತ್ರ ಹೊಸ ಕಿಲುಬಿಗೆ ಬೀಜವಾಗುತ್ತದೆ. ಕಾಲಿನ ಸ್ವಿಚ್ಚು ಸವೆದಿದ್ದರಿಂದ ಹೊಸದನ್ನು ತರಿಸಲು ಹೇಳಿ ಬಂದೆವು. ಎಲ್ಲ ಖರ್ಚಿನಲ್ಲಿ ದೊಡ್ಡದೆಂದರೆ ಅದೊಂದೇ. ಎರಡು ವಾರದ ಮೇಲೆ ಇನ್ನೊಂದು ಭಾನುವಾರ ಹೋಗಿ ಅದನ್ನು ಕೂಡಿಸಿ ಅಳೆದಾಗ ದೀಪಕ್ಕೆ ೧೧.೪ ವೋಲ್ಟು ಬರುತ್ತಿತ್ತು. ಬೆಳಕು ಹೆಚ್ಚುಕಡಿಮೆ ಇಮ್ಮಡಿ.

ಅದೇ ದಿನ ಇನ್ನೊಂದು ವಿಚಿತ್ರವೂ ಬಗೆಹರಿಯಿತು. ಬ್ರೇಕು ಒತ್ತಿದರೆ ಹಿಂದಿನ ಎಡಬದಿಯ ಇಂಡಿಕೇಟರು ಮಿಣಿಮಿಣಿ ಹತ್ತುತ್ತಿತ್ತು. ಆ ಬದಿಯ ದೀಪದ ಬುಡ ಮೈಯಿಂದ ಸಡಿಲಾಗಿತ್ತು. ತನ್ನ ಮರಳುವ ದಾರಿ ಮುಚ್ಚಿದ್ದರಿಂದ ಬ್ರೇಕಿನ ದೀಪದ ವಿದ್ಯುತ್ತು ನೆರೆಯ ದೀಪದೊಳಗೆ ಹೊಕ್ಕು ಹೊರಬೀಳುತ್ತಿತ್ತು. ಒಂದನ್ನು ಒತ್ತಿದರೆ ಇನ್ನೊಂದು ಹತ್ತುವ ಯಾವ ಹಳೆಯ ಗಾಡಿಯಲ್ಲಾದರೂ ಮೊದಲು ಕಪ್ಪು ತಂತಿಯನ್ನು ನೋಡಬೇಕು.

ಆಮೇಲೆ ಬಂದ ಪತ್ರದಲ್ಲಿ ಗೆಳೆಯರು, ಗಾಡಿ ಮಾರುವ ಮಾತು ನಿಂತಿದೆಯೆಂದೂ, ಮನೆಯವರೆಲ್ಲ ಕೂಡಿ ರಾತ್ರಿ ಲೋಣಾವಳೆಗೆ ಹೋಗಿ ಬಂದೆವೆಂದೂ ಬರೆದಿದ್ದಾರೆ. ದಾರಿಯುದ್ದಕ್ಕೂ ಪತ್ನಿಯವರ ಕಣ್ಣು ರಸ್ತೆಗಿಂತ ಹೆಚ್ಚಾಗಿ ದೀಪದ ಮೇಲೇ ಇತ್ತಂತೆ. ಇರಲಿ. ಎರಡು ಸಲ ಕೈಕೊಟ್ಟ ವಸ್ತುವಿನ ಮೇಲೆ ನಂಬಿಕೆ ಒಂದೇ ರಾತ್ರಿಯಲ್ಲಿ ಮರಳುವುದಿಲ್ಲ.

ಫ್ಯೂಸಿನ ವಿಷಯ

ಇನ್ನು ಮುಖ್ಯವಾದ ಎಚ್ಚರಿಕೆ. ಫ್ಯೂಸು ಮತ್ತೆ ಮತ್ತೆ ಸುಡುತ್ತಿದ್ದರೆ ಸಿಗರೇಟಿನ ಬೆಳ್ಳಿಕಾಗದ ಸುತ್ತಿ ಗಾಡಿ ಓಡಿಸುವ ಚಾಳಿ ನಮ್ಮಲ್ಲಿದೆ. ಮೇಲ್ನೋಟಕ್ಕೆ ಜಾಣತನ, ನಿಜವಾಗಿ ನೋಡಿದರೆ ಬೆಂಕಿಗೆ ಆಮಂತ್ರಣ. ಫ್ಯೂಸು ಸುಟ್ಟರೆ ಏನೋ ತಪ್ಪಿದೆಯೆಂದು ಅದು ಹೇಳುತ್ತಿದೆ. ಹೇಳುವವನ ಬಾಯಿ ಮುಚ್ಚಿದರೆ ತಪ್ಪು ಹೋಗುವುದಿಲ್ಲ, ತಂತಿ ಸುಡುತ್ತದೆ.

ಅಂಗಡಿಯಿಂದ ಹೊಸ ಫ್ಯೂಸು ತರುವಾಗಲೂ ಒಂದು ಬಲೆಯಿದೆ. ಹಳೆಯ ಲೂಕಾಸ್ ಫ್ಯೂಸಿನ ಮೇಲೆ ೩೫ ಆಂಪಿಯರ್ ಎಂದು ಬರೆದಿದ್ದರೆ ಅದು ಸುಡುವ ಮಟ್ಟ. ಸದಾಕಾಲ ಹೊರಬಲ್ಲದ್ದು ಅದರ ಅರ್ಧ, ಸುಮಾರು ೧೭ ಆಂಪಿಯರು. ಇಂದಿನ ಬಹುತೇಕ ಫ್ಯೂಸುಗಳ ಮೇಲೆ ಬರೆಯುವುದು ಸದಾಕಾಲ ಹೊರುವ ಮಟ್ಟವನ್ನು. ಅಂಕಿ ಒಂದೇ ಎಂದು ಇಂದಿನ ೩೫ರ ಫ್ಯೂಸನ್ನು ತಂದು ಕೂಡಿಸಿದರೆ ಕಾವಲು ಅರ್ಧಕ್ಕರ್ಧ ಸಡಿಲವಾದಂತೆ.

ಮೇಲಾಗಿ ಮೊದಮೊದಲಿನ ಎಂ.ಜಿ.ಬಿ.ಗಳಲ್ಲಿ ಇರುವುದೇ ಎರಡು ಫ್ಯೂಸು, ಹಸಿರಿಗೊಂದು, ನೇರಳೆಗೊಂದು. ಕಂದು, ಬಿಳಿ, ನೀಲಿ ತಂತಿಗಳಿಗೆ ಫ್ಯೂಸಿನ ಕಾವಲೇ ಇಲ್ಲ. ಅವುಗಳ ಹೊದಿಕೆ ಎಲ್ಲಾದರೂ ಸವೆದು ತಾಮ್ರ ಕಾರಿನ ಮೈಗೆ ತಾಗಿದರೆ ತಡೆಯುವವರಿಲ್ಲ. ಹೊಗೆಯೇ ಮೊದಲ ಸೂಚನೆ. ಆದುದರಿಂದ ಬ್ಯಾಟರಿಯನ್ನು ಒಂದೇ ತಿರುವಿನಲ್ಲಿ ಕಡಿದುಹಾಕು ಸ್ವಿಚ್ಚನ್ನು ಕೂಡಿಸುವುದೂ, ಮುಂದಿನ ದೀಪಗಳಿಗೆ ಒಂದು ರಿಲೇ ಮತ್ತು ಬೇರೆ ಫ್ಯೂಸುಗಳನ್ನು ಕೊಡುವುದೂ ಒಳ್ಳೆಯದು. ರಿಲೇ ಇದ್ದರೆ ದೀಪದ ಹೊರೆ ಹಳೆಯ ಸ್ವಿಚ್ಚಿನ ಮೇಲೆ ಬೀಳುವುದಿಲ್ಲ. ನಮ್ಮ ಗೆಳೆಯರು ಎರಡನ್ನೂ ನುರಿತ ಮೇಸ್ತ್ರಿಯ ಕೈಯಿಂದ ಮಾಡಿಸಿಕೊಂಡಿದ್ದಾರೆ.

ಹಾಗಾದರೆ ತಂತಿಗಳನ್ನೆಲ್ಲ ಬದಲಿಸುವುದು ಎಂದೂ ಬೇಡವೇ? ಬೇಕಾದ ಸಂದರ್ಭವುಂಟು. ಹೊದಿಕೆ ಬಾಗಿಸಿದಲ್ಲೆಲ್ಲ ಬಿರುಕು ಬಿಡುತ್ತಿದ್ದರೆ, ಗೊಂಚಲು ಒಂದು ಕಡೆ ಸುಟ್ಟಿದ್ದರೆ, ಹಿಂದಿನವರು ಬಣ್ಣದ ಲೆಕ್ಕವಿಲ್ಲದೆ ತುಂಡು ತಂತಿಗಳನ್ನು ತಿರುಚಿ ಕಟ್ಟಿದ್ದರೆ ಬದಲಿಸುವುದೇ ಕ್ಷೇಮ. ಅಲ್ಲಿ ಹಣಕ್ಕೆ ಹಿಂದೆಗೆಯಬಾರದು. ಆದರೆ ಅಳೆಯುವ ಮೊದಲು ಬದಲಿಸಬಾರದು, ಅಷ್ಟೇ ನಮ್ಮ ಮಾತು. ಗ್ಯಾರೇಜಿನವರು ಬದಲಿಸಬೇಕೆಂದರೆ, “ಎಷ್ಟು ವೋಲ್ಟು ಎಲ್ಲಿ ಸೋರಿದೆ, ತೋರಿಸಿ” ಎಂದು ಮರ್ಯಾದೆಯಿಂದ ಕೇಳಬಹುದು. ಬಲ್ಲ ಮೇಸ್ತ್ರಿ ಸಂತೋಷದಿಂದ ತೋರಿಸುತ್ತಾನೆ.

ಮತ್ತೆ ಕೆಲವು ಲಕ್ಷಣಗಳು

ಎಂಜಿನು ಓಡುತ್ತ ಓಡುತ್ತ ನಿಂತುಹೋದರೆ ಬೀಗದಕೈ ತಿರುಗಿಸಿ ಕಿವಿಗೊಡಿ. ಹಿಂದೆ ಪೆಟ್ರೋಲ್ ಪಂಪು ಟಿಕ್‌ಟಿಕ್ ಎಂದು ಕೆಲವು ಸಲ ಬಡಿದು ಸುಮ್ಮನಾಗಬೇಕು. ಸದ್ದೇ ಇಲ್ಲದಿದ್ದರೆ ಸ್ಕ್ರೂಡ್ರೈವರಿನ ಹಿಡಿಯಿಂದ ಪಂಪನ್ನು ಮೆಲ್ಲಗೆ ತಟ್ಟಿ. ಎಚ್ಚೆತ್ತರೆ ಅದರ ಒಳಗಿನ ಸಂಪರ್ಕದ ಬಿಂದುಗಳು ಸುಟ್ಟಿವೆಯೆಂದು ಅರ್ಥ; ಏಳದಿದ್ದರೆ ಅದರ ಬಿಳಿ ತಂತಿಯನ್ನೂ ಕಪ್ಪು ತಂತಿಯನ್ನೂ ಪರೀಕ್ಷಿಸಿ. ಸದ್ದು ನಿಲ್ಲದೆ ಬಡಿಯುತ್ತಲೇ ಇದ್ದರೆ ಪೆಟ್ರೋಲು ಮುಗಿದಿದೆ, ಇಲ್ಲವೇ ಎಲ್ಲೋ ಸೋರುತ್ತಿದೆ. ಸೋರುವ ಸಂಶಯವಿದ್ದರೆ ಕೂಡಲೇ ಬೀಗದಕೈ ತೆಗೆಯಿರಿ.

ಡೈನಮೋ ಇರುವ ಕಾರಿನಲ್ಲಿ ಎಂಜಿನು ನಿಧಾನವಾಗಿ ತಿರುಗುವಾಗ ಕೆಂಪು ಸೂಚನೆಯ ದೀಪ ಮಿಣುಕಿದರೆ ಗಾಬರಿ ಬೇಡ; ವೇಗ ಹೆಚ್ಚಿದೊಡನೆ ಆರಬೇಕು. ಆರದಿದ್ದರೆ ಮೊದಲು ಫ್ಯಾನಿನ ಬೆಲ್ಟಿನ ಬಿಗಿಯನ್ನು ನೋಡಿ. ಆಲ್ಟರ್ನೇಟರು ಇರುವ ಕಾರಿನಲ್ಲಿ ಎಂಜಿನು ಓಡುತ್ತಿರುವಾಗ ಬ್ಯಾಟರಿಯ ತಂತಿಯನ್ನು ಬಿಚ್ಚಿ ಪರೀಕ್ಷಿಸುವ ಹಳೆಯ ಪದ್ಧತಿಯನ್ನು ಅನುಸರಿಸಲೇಬಾರದು.

ಮಳೆಗಾಲಕ್ಕೆ ಮೊದಲು ಒಂದು ದಿನ, ಮುಗಿದ ಮೇಲೆ ಒಂದು ದಿನ, ವರ್ಷಕ್ಕೆ ಎರಡು ದಿನ ಈ ಗಾಡಿಗಾಗಿ ತೆಗೆದಿಟ್ಟರೆ ಸಾಕು. ಬ್ಯಾಟರಿಯ ತುದಿಗಳು, ದಪ್ಪ ಪಟ್ಟಿ, ನಾಲ್ಕೂ ಮೂಲೆಯ ದೀಪಗಳ ಕಪ್ಪು ತಂತಿಗಳು, ಫ್ಯೂಸಿನ ಹಿಡಿಕೆಗಳು: ಇವಿಷ್ಟನ್ನು ಬಿಚ್ಚಿ, ಉಜ್ಜಿ, ಬಿಗಿದು, ವ್ಯಾಸಲೀನು ಸವರಿ. ಒದ್ದೆಯಾದ ಹಾಸನ್ನು ಹೊರತೆಗೆದು ಬಿಸಿಲಿಗೆ ಹಾಕಿ. ಅಳೆದ ಅಂಕಿಗಳನ್ನು ಒಂದು ವಹಿಯಲ್ಲಿ ತಾರೀಖು ಸಹಿತ ಬರೆದಿಡಿ; ಮುಂದಿನ ವರ್ಷ ಯಾವ ಅಂಕಿ ಇಳಿದಿದೆಯೋ ದೋಷ ಅಲ್ಲಿಯೇ ಹುಟ್ಟುತ್ತಿದೆ. ಪುಣೆಯ ಆ ಹುಡುಗಿ ಈಗಾಗಲೇ ಬೇರೆ ವಹಿ ಕಟ್ಟಿಸಿಕೊಂಡಿದ್ದಾಳೆಂದು ಕೇಳಿ ಸಂತೋಷವಾಯಿತು.

ಮುಂದಿನ ಸಂಚಿಕೆಯಲ್ಲಿ, ಅನೇಕ ಗೃಹಿಣಿಯರು ಕೇಳಿರುವಂತೆ, ಮಿಕ್ಸರಿನ ಮೋಟಾರಿನಿಂದ ಸುಟ್ಟ ವಾಸನೆ ಬರುವುದೇಕೆ ಎಂಬುದನ್ನು ವಿಚಾರಿಸೋಣ.